ಹಸಿ ಹೊಟ್ಟು

ರಬ್ಬರಿಗೆ ಬೆರೆಸುವ ಮರದ ಹೊಟ್ಟಿಗಾಗಿ ಯಾರೂ ಮರ ಕಡಿಯುವುದಿಲ್ಲ, ಹಲಗೆ ಕೊಯ್ಯುವಾಗ ಉದುರಿದ್ದನ್ನಷ್ಟೇ ತರುತ್ತಾರೆ ಎಂದು ಆಗ ಎಲ್ಲರೂ ನಂಬಿದ್ದರು.

ಹೊಳೆದಂಡೆಯ ಆ ಆಶ್ರಮದಲ್ಲಿ ಊರುಗೋಲುಗಳಿಗೆ ರಬ್ಬರಿನ ಪಾದ ಮಾಡುತ್ತಿದ್ದರು. ಅದಕ್ಕೆ ಕಪ್ಪು ಮಸಿಯ ಬದಲು ಹೊಟ್ಟು ಬೆರೆಸಿ ಪರಿಸರ ಉಳಿಸುವ ಯೋಚನೆ ಶಿಷ್ಯ ಮುರಿಗೆಪ್ಪನದು. ಭಕ್ತರು ಬಂದಾಗಲೆಲ್ಲ ಅದರ ಬಗ್ಗೆ ಮಾತಾಡುತ್ತಿದ್ದ. ಗುರುಗಳು ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಕುಂಟಿ ದುರುಗವ್ವನ ಊರುಗೋಲಿನ ಪಾದ ಒಡೆಯಿತು. ಅವಳು ಮೆಟ್ಟಿಲ ಮೇಲೆ ಬಿದ್ದಳು.

“ಇದ್ದದ್ದೊಂದು ಚಲೋ ಕಾಲು, ಮುರಿಗೆಪ್ಪಾ,” ಎಂದಳು. “ಅದನ್ನೂ ನಿನ್ನ ಪರಿಸರಕ್ಕ ಕೊಟ್ಟೆ.”

ಮುರಿಗೆಪ್ಪ ಒಡೆದ ಪಾದವನ್ನು ಗುರುಗಳ ಮುಂದಿಟ್ಟ. ಒಳಗೆಲ್ಲ ಗುಳ್ಳೆ.

“ಹೊಟ್ಟು ತಾ.”

ತಂದ. ಗುರುಗಳು ಒಂದು ಹಿಡಿ ಹಿಚುಕಿದರು. ಕೈ ಬಿಚ್ಚಿದರೂ ಅದು ಉಂಡೆಯಾಗಿಯೇ ಉಳಿಯಿತು.

“ಹಸಿ. ಅಚ್ಚಿನ ಕಾವಿಗೆ ಇದರ ನೀರು ಆವಿಯಾಗಿದೆ.”

“ಮಳೆಗೆ ನೆನೆದಿರಬೇಕು, ಅಜ್ಜಾರ.”

“ಮಳೆ ಬಂದು ನಾಲ್ಕು ತಿಂಗಳಾಯಿತು.”

“ಒಣಗಿಸಿ ಬೆರೆಸುತ್ತೇನೆ. ಯೋಚನೆಯಲ್ಲಂತೂ ತಪ್ಪಿಲ್ಲ.”

“ಮೊದಲು ಇವಳ ಕಾಲಿಗೆ ಕಟ್ಟಲು ಒಂದು ಹಲಗೆ ತಾ. ಹೊಟ್ಟು ಕೊಡುವ ರುದ್ರಗೌಡನ ಮಿಲ್ಲಿನಿಂದಲೇ ತಾ.”

ಮುರಿಗೆಪ್ಪ ಓಡಿದ. ಮಧ್ಯಾಹ್ನ ಹೆಗಲ ಮೇಲೆ ಒಂದು ಮೂಟೆ ಹೊಟ್ಟು ಹೊತ್ತು ಬಂದ. ಕಾದು ಸಾಕಾಗಿ ಗುರುಗಳು ಬಿದಿರು ಸೀಳಿ ದುರುಗವ್ವನ ಕಾಲು ಕಟ್ಟಿದ್ದರು.

“ಹಲಗೆ?”

“ಒಂದು ಗೇಣು ತುಂಡೂ ಇಲ್ಲವಂತೆ. ಪಾಪ, ಗೌಡರು ಇದನ್ನು ಪುಕ್ಕಟೆ ಕೊಟ್ಟರು.”

“ದಿಮ್ಮಿ ಇರಲಿಲ್ಲವೇ?”

“ಎರಡು ಲಾರಿ ನಿಂತಿದ್ದವು. ತೊಗಟೆ ಇನ್ನೂ ಹಸಿರಾಗಿತ್ತು.”

“ಗರಗಸ ಕೆಟ್ಟಿದೆಯೇ?”

ಮುರಿಗೆಪ್ಪನ ಮುಖ ಅರಳಿತು. “ಇಲ್ಲ, ಅಜ್ಜಾರ. ಗರಗಸದ ಚಕ್ರದಲ್ಲಿ ಗುಬ್ಬಿ ಗೂಡು ಕಟ್ಟಿದೆ. ಮರಿಗಳೂ ಇವೆ. ಗೌಡರು ಮುಟ್ಟಿಲ್ಲ. ಎಂಥ ಕರುಣೆ ನೋಡಿ! ಪಕ್ಕದಲ್ಲಿ ಇಡೀ ದಿಮ್ಮಿ ನುಂಗುವ ಹೊಸ ಯಂತ್ರವೊಂದೇ ನಡೆಯುತ್ತಿತ್ತು.”

ದುರುಗವ್ವ ನೋವಿನಲ್ಲೂ ತಲೆ ಎತ್ತಿದಳು. “ಅಲ್ಲೋ, ಗರಗಸ ನಿಂತರ ಹೊಟ್ಟು ಎಲ್ಲಿಂದ ಬಂತು?”

ಮುರಿಗೆಪ್ಪ ಗುರುಗಳ ಕಡೆ ನೋಡಿದ. ಮೂಟೆ ಇನ್ನೂ ಹೆಗಲ ಮೇಲೇ ಇತ್ತು. ಅದರ ತೇವ ಅಂಗಿಗೆ ಇಳಿದಿತ್ತು.

ಗುರುಗಳು ಬೆಳಗಿನ ಹೊಟ್ಟಿನ ಉಂಡೆಯನ್ನು ಅವನ ಕಾಲ ಬಳಿ ಇಟ್ಟರು.

“ಅಲ್ಲಿ ಈಗ ಹಲಗೆ ಕೊಯ್ಯುವುದಿಲ್ಲ.”