ವಾಲಿದ ಕಂಬ

"ಗುರುಗಳೇ, ಅಭಿವ್ಯಕ್ತಿವಾದಿ ಕಲಾವಿದರ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಸರ್ಕಸ್ಸಿನವರೇ. ಹಗ್ಗದ ಮೇಲೆ ನಡೆಯುವವಳು, ಉಯ್ಯಾಲೆಯವನು, ಬಫೂನು. ಇವರೆಲ್ಲ ಯಾವುದರ ಸಂಕೇತ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದ. ಕಂಡದ್ದನ್ನು ಕಂಡಂತೆ ಬರೆಯುವುದು ಗುಮಾಸ್ತರ ಕೆಲಸವೆಂದು ನಂಬಿದ್ದ. ಮನುಷ್ಯರ ಕತ್ತು ಎಳೆಯುತ್ತಿದ್ದ, ಬೆರಳು ತಿರುಚುತ್ತಿದ್ದ, ನೆಲವನ್ನೇ ಓರೆ ಮಾಡುತ್ತಿದ್ದ. ಆದರೂ ಒಳಗಿನ ತಳಮಳ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ಒಂದು ಸರ್ಕಸ್ ಡೇರೆಗೆ ದಿನವೂ ಹೋಗಿ ಕೂರತೊಡಗಿದ.

ಅಲ್ಲಿ ಒಬ್ಬಳು ಹಗ್ಗದ ಮೇಲೆ ನಡೆಯುತ್ತಿದ್ದಳು. ನೆಲದ ಗೂಟಗಳಿಗೆ ಕಟ್ಟಿ ನಿಲ್ಲಿಸಿದ, ಹಗ್ಗ ಬಿಗಿದ ಕಂಬ ಒಂದಿಷ್ಟು ವಾಲಿದರೆ ಬುಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ, ದೂರ ಕೂತವರಿಗೆ ಕಾಣುತ್ತದೆ. ಆದ್ದರಿಂದ ಏಣಿ ಹತ್ತುವ ಮುನ್ನ ಅವಳು ದೂರ ಕೂತವರನ್ನು ಕೇಳುತ್ತಿದ್ದಳು. ವಾಲಿದೆ ಎಂದು ಒಬ್ಬರು ಅಂದರೂ ಸಾಕು, ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಾಲೀಮಿನ ಹೊತ್ತಿಗೆ ಡೇರೆಯಲ್ಲಿ ಅವರಿಬ್ಬರೇ ಇದ್ದರು. ಎಡಗಡೆಯ ಕಂಬ ನಿಜವಾಗಿಯೇ ವಾಲಿತ್ತು. ಲೋಕ ಕೊನೆಗೂ ತನ್ನ ಗೆರೆಗೆ ಬಗ್ಗಿತೆಂದು ಚಿತ್ರಕಾರನಿಗೆ ಅನ್ನಿಸಿತು. ಅದನ್ನು ಇದ್ದ ಹಾಗೆಯೇ ಬರೆಯತೊಡಗಿದ. ಜೀವಮಾನದಲ್ಲಿ ಅದೇ ಮೊದಲು.

"ಅಣ್ಣಾ, ಸ್ವಲ್ಪ ನೋಡಿ ಹೇಳಿ. ಕಂಬ ನೆಟ್ಟಗಿದೆಯಾ?"

ಅವನು ಬಾಯಿ ತೆರೆದ. ವಾಲಿದೆ ಅಂದರೆ ಅವಳು ಆಳುಗಳನ್ನು ಕೂಗುತ್ತಾಳೆ. ಅವರು ಬಂದು ಅದನ್ನು ನೆಟ್ಟಗೆ ಮಾಡಿಬಿಡುತ್ತಾರೆ. ಚಿತ್ರ ಇನ್ನೂ ಅರ್ಧ ಬಾಕಿ. ಕೂತಲ್ಲಿ ಕೂರಲಾಗಲಿಲ್ಲ. ಕಡೆಗೆ ಮಾತಾಡದೆ ಚಿತ್ರದ ಹಲಗೆಯನ್ನು ಅವಳ ಕಡೆಗೆ ತಿರುಗಿಸಿದ. ತೋರಿಸಿದೆನಲ್ಲ, ಅಷ್ಟು ಸಾಕು ಎಂದುಕೊಂಡ.

ಅವಳು ನೋಡಿ ಗೊಳ್ಳೆಂದು ನಕ್ಕಳು. "ಅಯ್ಯೋ, ನನ್ನ ಕತ್ತನ್ನೇ ಕೊಕ್ಕರೆ ಕತ್ತು ಮಾಡಿದ್ದೀರಿ! ನಿಮ್ಮ ಕೈಗೆ ಸಿಕ್ಕಿದ ಮೇಲೆ ಕಂಬ ನೆಟ್ಟಗಿರುತ್ತಾ? ಕೇಳಿದ್ದು ನನ್ನದೇ ತಪ್ಪು, ಬಿಡಿ."

ಹತ್ತಿದಳು. ಹಗ್ಗದ ನಡುವೆ ಬರುವಷ್ಟರಲ್ಲಿ ಕಂಬ ಉರುಳಿತು. ಜೀವ ಉಳಿಯಿತು, ಸೊಂಟ ಮುರಿಯಿತು. ಮತ್ತೆ ಅವಳು ಹಗ್ಗ ಹತ್ತಲಿಲ್ಲ.

ಚಿತ್ರಕ್ಕೆ ಬಹಳ ಹೆಸರು ಬಂತು. ವಾಲಿದ ಕಂಬವನ್ನು ಒಬ್ಬ ಪಂಡಿತ ಯುಗದ ಕುಸಿತ ಎಂದ. ಇನ್ನೊಬ್ಬ ದೇವರಿಲ್ಲದ ಆಕಾಶ ಎಂದ. ಚಿತ್ರಕಾರ ಎರಡಕ್ಕೂ ಹೌದೆಂದು ತಲೆಯಾಡಿಸಿದ.

ಶಿಷ್ಯ ಚಡಪಡಿಸಿದ. "ಹಾಗಾದರೆ ಆ ಕಂಬ ನಿಜಕ್ಕೂ ಯಾವುದರ ಸಂಕೇತ?"

"ಗೂಟ ಕಿತ್ತು ಬರುತ್ತಿದೆ ಎಂಬುದರ," ಎಂದರು ಗುರುಗಳು.