ಹನ್ನೊಂದು ವರ್ಷದ ಚೀಟಿ

"ಅಜ್ಜೀ, ಆನೆಮಂಟಪಕ್ಕೆ ದಾರಿ ಯಾವುದು?"

"ನೀನು ಬಂದದ್ದೇ. ಹಿಂದಕ್ಕೆ ತಿರುಗು."

ಹೊನ್ನಾಯಿ ಕುದುರೆ ನಿಲ್ಲಿಸಿದಳು. ದೊರೆ ರಂಗಭೂಪನ ರಾಯಭಾರಿ ಅವಳು. ಏಳು ರಾಜ್ಯ ಸುತ್ತಿ ಬಂದವಳು ತನ್ನ ರಾಜಧಾನಿಯ ಹಿತ್ತಲಲ್ಲೇ ದಾರಿ ತಪ್ಪಿದ್ದಳು. ದೊರೆ ಮಂಟಪದ ಬಳಿ ಕಾಯುತ್ತಿದ್ದ.

ಮುದುಕಿ ಕಾಳವ್ವ ಒಂದು ಚೊಂಬು ಮಜ್ಜಿಗೆ ಕೊಟ್ಟು ದಾರಿ ಹೇಳಿದಳು.

"ನೀನು ನೋಡಿದ್ದೀಯಾ ಮಂಟಪ?"

"ಎಲ್ಲಿ ಬಂತು ತಾಯಿ. ನಮ್ಮ ಮುತ್ತಜ್ಜ ಕಡೆದ ಆನೆಯೊಂದು ಅಲ್ಲಿ ನಗ್ತಾ ನಿಂತಿದೆಯಂತೆ. ಮೂರು ಸಲ ಹೋದೆ, ಚೀಟಿ ಮುಗಿದಿದೆ ಅಂತ ಅಟ್ಟಿದರು. ಎಂಬತ್ತಾಯ್ತು, ಕಣ್ಣಿಗೂ ಪೊರೆ ಬರ್ತಿದೆ."

ಹೊನ್ನಾಯಿ ಚೊಂಬು ಬರಿದು ಮಾಡಿದಳು. "ಮಜ್ಜಿಗೆಯ ಋಣ ಇಟ್ಟುಕೊಳ್ಳುವವಳಲ್ಲ ನಾನು. ಬಾ ನನ್ನ ಜೊತೆ."

ಮಂಟಪದ ಬಾಗಿಲಲ್ಲಿ ದೊರೆ ಬೀಗುತ್ತಿದ್ದ. "ದಿನಕ್ಕೆ ನಲವತ್ತೇ ಜನ, ಒಬ್ಬೊಬ್ಬರಿಗೂ ದಿನ ಬರೆದ ಚೀಟಿ. ಇಂಥ ಏರ್ಪಾಡು ಎಲ್ಲಾದರೂ ಕಂಡೆಯಾ ಹೊನ್ನಾಯಿ? ಮಳೆ ಬರಲಿ, ಯುದ್ಧ ಬರಲಿ, ನನ್ನ ಮುದ್ರೆ ಬಿದ್ದ ಚೀಟಿಯವರು ಅದರಲ್ಲಿ ಬರೆದ ದಿನ ಮಂಟಪ ನೋಡೇ ನೋಡುತ್ತಾರೆ. ತಪ್ಪಿದರೆ ಕಿರೀಟ ಕಳಚಿಡುತ್ತೇನೆ."

"ಹಾಗಾದರೆ ಈ ಅಜ್ಜಿಗೊಂದು ಚೀಟಿ ಕೊಡಿಸಿ ಪ್ರಭು."

ಮಂಟಪದ ಪಾರುಪತ್ಯಗಾರ ಕಡತ ತಿರುವಿದ. "ಖಾಲಿ ಇರುವುದು ಹನ್ನೊಂದು ವರ್ಷದ ಮೇಲೆ, ಶ್ರಾವಣ ಪಂಚಮಿ."

ಕಾಳವ್ವನ ಮುಖ ಬಾಡಿತು. ಹೊನ್ನಾಯಿ ಮಾತ್ರ, "ಅದೇ ಬರೆಯಿರಿ" ಎಂದಳು. ದೊರೆ ಠಸ್ಸೆಂದು ಮುದ್ರೆ ಒತ್ತಿದ.

ಹೊನ್ನಾಯಿ ಆ ಚೀಟಿಯನ್ನು ಎತ್ತಿಹಿಡಿದು ಪೇಟೆಯುದ್ದಕ್ಕೂ ನಡೆದಳು. "ದೊರೆಯ ಮುದ್ರೆ ಸುಳ್ಳಾಗೋದಿಲ್ಲವಂತೆ. ಅಂದಮೇಲೆ ಕಾಳವ್ವನಿಗೆ ಹನ್ನೊಂದು ವರ್ಷ ಸಾವಿಲ್ಲ."

ಮರುದಿನ ಬೆಳಿಗ್ಗೆ ರಾಜ್ಯದ ಮುದುಕರೆಲ್ಲ ಮಂಟಪದ ಬಾಗಿಲಲ್ಲಿದ್ದರು. ಕೋಲೂರಿಕೊಂಡು ಬಂದವರು, ಗಾಡಿಯಲ್ಲಿ ಬಂದವರು, ಮಂಚದ ಸಮೇತ ಬಂದವರು. ಮಂಟಪ ನೋಡುವ ಆಸೆ ಒಬ್ಬರಿಗೂ ಇರಲಿಲ್ಲ.

"ಹತ್ತಿರದ ದಿನ ಬೇಡ ಸ್ವಾಮಿ, ಇಪ್ಪತ್ತು ವರ್ಷದ ಮೇಲಿನದು ಕೊಡಿ."

"ನನಗೆ ನಲವತ್ತು."

"ನಮ್ಮತ್ತೆಗೆ ಮುಂದಿನ ವಾರದ್ದೇ ಸಾಕು" ಎಂದಳು ಒಬ್ಬ ಸೊಸೆ, ಮೆಲ್ಲಗೆ.

ದೊರೆ ಹೊನ್ನಾಯಿಯನ್ನು ಕರೆಸಿದ. "ಏನು ಮಾಡಿಟ್ಟೆ ನೀನು?"

"ನಿಮ್ಮ ಮಾತು ನಂಬಿದೆ, ಅಷ್ಟೇ."

"ಆ ಮುದುಕಿ ನಾಳೆಯೇ ಸತ್ತರೆ?"

"ಅರಮನೆ ವೈದ್ಯರನ್ನು ಹನ್ನೊಂದು ವರ್ಷ ಅವಳ ಜಗಲಿಯಲ್ಲಿ ಕೂರಿಸಿ. ಇಲ್ಲವೇ ಕಿರೀಟ ಇಡಲು ಒಂದು ಗೂಡು ನೋಡಿಕೊಳ್ಳಿ. ಇಲ್ಲವೇ, ಅವಳು ಇವತ್ತೇ ಮಂಟಪ ನೋಡಿಬಿಟ್ಟರೆ ಚೀಟಿ ವಾಪಸು ಕೇಳಬಹುದು."

ದೊರೆ ಮುಖ ಗಂಟಿಕ್ಕಲು ನೋಡಿದ, ಆಗಲಿಲ್ಲ. ನಗು ಬಂದೇಬಿಟ್ಟಿತು. "ತೆಗೀರಿ ಬಾಗಿಲು. ಎಪ್ಪತ್ತು ದಾಟಿದವರಿಗೆ ಇನ್ನು ಚೀಟಿಯೇ ಬೇಡ."

ಕಾಳವ್ವ ಕಂಬದಿಂದ ಕಂಬಕ್ಕೆ ತಡವುತ್ತಾ ಹೋಗಿ ಒಂದು ಆನೆಯ ಬಾಯಿ ಮುಟ್ಟಿದಳು. ಬಹಳ ಹೊತ್ತು ಬೆರಳಾಡಿಸಿದಳು.

"ಹೌದು, ನಗ್ತಿದೆ."

ಪಾರುಪತ್ಯಗಾರ ಚೀಟಿಗೆ ಕೈ ಚಾಚಿದ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇದು ನನ್ನ ಹತ್ತಿರಾನೇ ಇರಲಿ ಬುದ್ಧಿ. ಹನ್ನೊಂದು ವರ್ಷದ ಮೇಲೂ ನಗ್ತಿರುತ್ತಾ ಅಂತ ಬಂದು ನೋಡಬೇಕಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವನು ದೊರೆ. ಪಕ್ಕದಲ್ಲಿದ್ದ ಅರಮನೆ ವೈದ್ಯರಿಗೆ ಕಣ್ಣಲ್ಲೇ ಅಪ್ಪಣೆಯಾಯಿತು.

"ಮಜ್ಜಿಗೆಯ ಋಣ ತೀರಿತಾ ಅಜ್ಜಿ?"

"ಮಜ್ಜಿಗೇದು ತೀರಿತು. ದಾರಿ ಹೇಳಿದ್ದು?"

ಹೊನ್ನಾಯಿ ಅವಳನ್ನು ಕುದುರೆಯ ಮೇಲೆ ಕೂರಿಸಿ, ತಾನು ಲಗಾಮು ಹಿಡಿದು, ಅವಳ ಮನೆಯ ಬಾಗಿಲವರೆಗೂ ನಡೆದಳು. ಈ ಸಲ ದಾರಿ ತಪ್ಪಲಿಲ್ಲ.