ಬಣ್ಣಗಾರನ ಕೈಗೆ ಹಚ್ಚಿದ ಮುಲಾಮು

"ಗುರುಗಳೇ, ನಿಜ ಹೇಳಿದವನನ್ನು ಜನ ಮನೆಯಿಂದ ಹೊರಗೆ ಕಳಿಸುವುದೇಕೆ?" ಎಂದು ಶಿಷ್ಯ ಮುರಿಗೆಪ್ಪನು ಕೇಳಿದನು.

ಅವನು ಹಿಂದಿನ ದಿನ ನೆರೆಯೂರಿಗೆ ಹೋಗಿದ್ದನು. ಅಲ್ಲಿ ಒಂದು ಮನೆಯಲ್ಲಿ ಮಗು ತೀರಿಕೊಂಡಿತ್ತು. ಹುಟ್ಟಿದ್ದೆಲ್ಲ ಹೋಗಲೇಬೇಕು, ಅತ್ತು ಫಲವಿಲ್ಲ ಎಂದು ಅವನು ಮಗುವಿನ ತಂದೆಗೆ ಹೇಳಿದನು. ತಂದೆ ಎದ್ದು ನಿಂತು ಬಾಗಿಲು ತೋರಿಸಿದನು.

"ಇದೇ ಮಾತನ್ನು ನೀವು ಹೇಳಿದಾಗ ಎಷ್ಟೋ ಜನ ಸಮಾಧಾನ ಪಟ್ಟುಕೊಂಡು ಹೋಗಿದ್ದಾರೆ. ನಾನು ಒಂದಕ್ಷರವನ್ನೂ ಬದಲಿಸಲಿಲ್ಲ" ಎಂದನು ಮುರಿಗೆಪ್ಪ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದನು. ಚರ್ಮದ ಕಾಯಿಲೆಗೆ ಅವನಲ್ಲಿ ಒಳ್ಳೆಯ ಮದ್ದಿತ್ತು. ಒಂದು ಬೇರನ್ನು ಒಣಗಿಸಿ, ಪುಡಿ ಮಾಡಿ, ತುಪ್ಪ ಮತ್ತು ಜೇನುಮೇಣದಲ್ಲಿ ಕಲಸಿ ಅವನು ಮುಲಾಮು ಮಾಡುತ್ತಿದ್ದನು. ಬಿರಿದ ಹಿಮ್ಮಡಿ, ಹೊಟ್ಟು ಉದುರುವ ಮೊಣಕೈ ಅದರಿಂದ ವಾಸಿಯಾಗುತ್ತಿದ್ದವು. ದೂರದಿಂದಲೂ ಜನ ಬರುತ್ತಿದ್ದರು. ವೈದ್ಯನಿಗೂ ತನ್ನ ಮದ್ದಿನ ಮೇಲೆ ತುಂಬ ನಂಬಿಕೆ.

ಒಮ್ಮೆ ಒಬ್ಬ ಬಣ್ಣಗಾರನು ಹೆಂಡತಿಯೊಂದಿಗೆ ಬಂದನು. ನೂಲನ್ನು ಬಣ್ಣದ ಬಾನಿಯಲ್ಲಿ ಅದ್ದಿ ತೆಗೆಯುವುದು ಅವನ ಕೆಲಸ. ಮೊಣಕೈವರೆಗೆ ಇಸುಬು ಎದ್ದು ನೀರು ಸೋರುತ್ತಿತ್ತು. ಜೊತೆಯವರು ಅಂಟುರೋಗವೆಂದು ಹೆದರಿ ಅವನನ್ನು ಬಾನಿಯ ಹತ್ತಿರ ಬಿಡುತ್ತಿರಲಿಲ್ಲ. ವೈದ್ಯನು ದೂರದಿಂದಲೇ ನೋಡಿ ಇಸುಬು ಎಂದು ಗುರುತಿಸಿದನು. ಅದು ಸರಿಯಾಗಿಯೇ ಇತ್ತು. ಮುಲಾಮು ಕೊಟ್ಟು, ಪಥ್ಯ ತಿಳಿಸಿ, ದಪ್ಪಗೆ ಹಚ್ಚಿ ಬಟ್ಟೆ ಕಟ್ಟಲು ಹೆಂಡತಿಗೆ ಹೇಳಿದನು.

ಕೈ ಇನ್ನಷ್ಟು ಕೆಂಪಾಯಿತು. ವೈದ್ಯನು ಬೇರಿನ ಪುಡಿಯನ್ನು ಹೆಚ್ಚು ಹಾಕಿ ಬೇರೆ ಮುಲಾಮು ಮಾಡಿಕೊಟ್ಟನು. ಆಗ ಕೈ ಊದಿಕೊಂಡು ಬೆರಳು ಮಡಚಲಿಕ್ಕೂ ಬಾರದಾಯಿತು. ಬಣ್ಣಗಾರನು ಮತ್ತೆ ಬಂದು ನಿಂತಾಗ ವೈದ್ಯನಿಗೆ ಸಿಟ್ಟು ಬಂತು. ಇಷ್ಟು ಜನರಿಗೆ ಹಿಡಿದ ಮದ್ದು ಇವನೊಬ್ಬನಿಗೆ ಹಿಡಿಯಲಿಲ್ಲವೆಂದರೆ ತಪ್ಪು ಇವನದೇ ಎಂದುಕೊಂಡನು.

"ನಿನ್ನ ಗಂಡ ಪಥ್ಯ ಕೆಡಿಸಿದ್ದಾನೆ ತಾಯಿ" ಎಂದನು.

"ಉಪ್ಪು ಬಿಟ್ಟರು, ಹುಳಿ ಬಿಟ್ಟರು, ಬದನೆಕಾಯಿ ಮುಟ್ಟಲಿಲ್ಲ. ಇನ್ನು ಬಿಡುವುದಕ್ಕೆ ಅನ್ನವೊಂದೇ ಉಳಿದಿದೆ ಸ್ವಾಮಿ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ವೈದ್ಯನು ಬಣ್ಣಗಾರನನ್ನು ಬೆಳಕಿರುವಲ್ಲಿ ಕೂರಿಸಿ, ಬಟ್ಟೆಯನ್ನು ತಾನೇ ಬಿಚ್ಚಿ, ಮುಲಾಮನ್ನು ಮೆಲ್ಲಗೆ ಒರೆಸಿ ತೆಗೆದನು. ಒಳಗಿನ ಚರ್ಮ ನೀರಿನಲ್ಲಿ ನೆನೆದಂತೆ ಬೆಳ್ಳಗೆ, ಮೆತ್ತಗಾಗಿತ್ತು. ಸೋರುವ ನೀರಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಮೇಣವು ಅದನ್ನು ತಡೆದು ಕಾವನ್ನೂ ಒಳಗೇ ಹಿಡಿದಿಟ್ಟಿತ್ತು. ಒಣ ಚರ್ಮದ ಪಸೆ ಆರದಿರಲೆಂದೇ ಅವನು ಮೇಣ ಹಾಕುತ್ತಿದ್ದನು. ಈ ಕೈಗೆ ಬೇಕಾಗಿದ್ದುದು ಆರುವುದು.

ಅವನು ಅದೇ ಬೇರಿನ ಪುಡಿಯನ್ನು, ಮೊದಲಿಗಿಂತ ಕಡಿಮೆ, ನೀರಿನಲ್ಲಿ ಕುದಿಸಿ ಆರಿಸಿದನು. ತೆಳುವಾದ ಬಟ್ಟೆಯನ್ನು ಅದರಲ್ಲಿ ಅದ್ದಿ ಕೈಯ ಮೇಲೆ ಹಾಸಿದನು. ಬಟ್ಟೆ ಒಣಗಿದಂತೆಲ್ಲ ಮತ್ತೆ ಅದ್ದಿ ಹಾಸಿದನು. ಸೋರುವುದು ನಿಂತಿತು. ಊತ ಇಳಿಯಿತು. ಬೆರಳು ಮಡಚಲು ಬಂತು. ಬಣ್ಣಗಾರನು ಸಂತೋಷದಿಂದ ಮನೆಗೆ ಹೋದನು. ಗುಣ ಕಂಡಿತೆಂದು ಅಲ್ಲಿಯೂ ಒದ್ದೆ ಬಟ್ಟೆಯನ್ನು ಬಿಡದೆ ಹಾಕಿದನು. ಕೊನೆಗೆ ಚರ್ಮ ಒಣಗಿ, ಬಿರಿದು, ರಕ್ತ ಜಿನುಗಿತು. ಹೆದರಿ ಓಡಿಬಂದನು.

ಈ ಸಲ ವೈದ್ಯನು ಪಥ್ಯದ ಮಾತೆತ್ತಲಿಲ್ಲ. ಕೈಯನ್ನು ತನ್ನ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರಿ ನೋಡಿದನು. ಒಳಗೆ ಹೋಗಿ ಹಳೆಯ ಮುಲಾಮನ್ನೇ, ತುಪ್ಪ ಮತ್ತು ಮೇಣದ್ದನ್ನೇ, ತಂದು ತೆಳ್ಳಗೆ ಹಚ್ಚಿದನು. ಬಿರುಕು ಕೂಡಿಕೊಂಡಿತು. ಸ್ವಲ್ಪ ಕಾಲದ ಮೇಲೆ ಬಣ್ಣಗಾರನು ಬಾನಿಯ ಕೆಲಸಕ್ಕೆ ಹೋದನು. ಜೊತೆಯವರು ಅವನ ಕೈ ನೋಡಿ, ಸರಿದು ಜಾಗ ಕೊಟ್ಟರು.

ಗುರು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ. ಮಾತು ಅದೇ ಇರಲಿ. ಇನ್ನು ಮುಂದೆ ಅದನ್ನು ಮೃದುವಾಗಿ ಹೇಳುತ್ತೇನೆ" ಎಂದನು ಮುರಿಗೆಪ್ಪ.

ಗುರು ಕೇಳಿದರು: "ಆ ಮಗುವಿನ ಹೆಸರೇನು?"

ಮುರಿಗೆಪ್ಪನಿಗೆ ಅದು ಗೊತ್ತಿರಲಿಲ್ಲ; ಆ ಮನೆಯಲ್ಲಿ ಅವನು ಏನನ್ನೂ ಕೇಳಿರಲಿಲ್ಲ.